ಸುತ್ತಿ ಬಳಸದ ಮೇಷ್ಟ್ರು: ಹೆನ್ರಿ ಫೌಲರ್

ರಜೆ ಅರ್ಜಿ ಬರೆಯಲು ಕುಳಿತಾಗ ನಮ್ಮಲ್ಲಿ ಹೆಚ್ಚಿನವರ ಪೆನ್ನು ಒಂದೇ ದಾರಿ ಹಿಡಿಯುತ್ತದೆ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಎಂದು ಶುರುವಾಗುತ್ತದೆ. ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್ ಎಂದು ಮುಂದುವರಿಯುತ್ತದೆ. ಬೇಡುವ ಅಗತ್ಯ ಇಲ್ಲಿಲ್ಲ. ಎರಡು ದಿನದಿಂದ ಜ್ವರ ಇದೆ, ಅಷ್ಟೆ. ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್ ಎಂದರೆ ವಾಕ್ಯವೂ ಸರಿ, ವಿಷಯವೂ ಸ್ಪಷ್ಟ. ನಮ್ಮ ಜಿನನಾಥಪುರದ ಶಾಂತಿನಾಥ ಬಸದಿಯ ಹೊರಗೋಡೆಗೆ ಕೆತ್ತನೆ ಶೋಭೆ ತರುತ್ತದೆ. ರಜೆ ಅರ್ಜಿಗೆ ಕೆತ್ತನೆ ಬೇಕಿಲ್ಲ.

ಈ ಮಾತನ್ನು ಇಂಗ್ಲಿಷರಿಗೇ ಕಲಿಸಲು ಒಬ್ಬ ಶಾಲಾ ಮೇಷ್ಟ್ರು ಅರ್ಧ ಜೀವನ ಸವೆಸಿದರು. ಅವರ ಹೆಸರು ಹೆನ್ರಿ ವಾಟ್ಸನ್ ಫೌಲರ್. ಇಂಗ್ಲಿಷ್ ಬಾರದೆಂಬ ಅಳುಕಿನಲ್ಲಿರುವ ನಾವು ಅವರ ಬದುಕನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಫೌಲರ್ ತಿದ್ದಿದ್ದು ನಮ್ಮಂಥವರನ್ನಲ್ಲ. ಇಂಗ್ಲಿಷ್ ಮನೆಮಾತಾಗಿದ್ದ ಪತ್ರಕರ್ತರನ್ನು, ಹೆಸರಾಂತ ಲೇಖಕರನ್ನು.

ಫೌಲರ್ ಹುಟ್ಟಿದ್ದು 1858ರ ಮಾರ್ಚ್ 10ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್‌ನಲ್ಲಿ. ಎಂಟು ಮಕ್ಕಳಲ್ಲಿ ಅವರೇ ಹಿರಿಯರು. ತಂದೆ ಪಾದ್ರಿ ಹಾಗೂ ಶಿಕ್ಷಕರು. ರಗ್ಬಿ ಶಾಲೆಯಲ್ಲೂ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲೂ ಓದು ನಡೆಯಿತು. 1879ರಲ್ಲಿ ತಂದೆ ತೀರಿಕೊಂಡರು. ಮನೆಯ ಹಿರಿತನ ಇಪ್ಪತ್ತೊಂದರ ಹುಡುಗನ ಹೆಗಲಿಗೆ ಬಿತ್ತು. 1882ರಲ್ಲಿ ಸೆಡ್‌ಬರ್ಗ್ ಶಾಲೆಯಲ್ಲಿ ಮೇಷ್ಟ್ರಾಗಿ ಸೇರಿ, 17 ವರ್ಷ ಅಲ್ಲಿಯೇ ಪಾಠ ಹೇಳಿದರು.

ಆ ನೌಕರಿಯನ್ನು ಬಿಟ್ಟ ಕಾರಣ ಗಮನಿಸಬೇಕಾದದ್ದು. ಅಲ್ಲಿ ವಿದ್ಯಾರ್ಥಿಗಳ ವಸತಿಗೃಹದ ಮುಖ್ಯಸ್ಥರಾಗುವವರು ಕ್ರೈಸ್ತ ಧರ್ಮದ ದೃಢೀಕರಣ ವಿಧಿಗೆ ಹುಡುಗರನ್ನು ಸಿದ್ಧಪಡಿಸಬೇಕಿತ್ತು. ಫೌಲರ್ ಅವರಿಗೆ ಆ ನಂಬಿಕೆ ಇರಲಿಲ್ಲ. ತಾನು ನಂಬದ್ದನ್ನು ನಂಬಿದವನಂತೆ ಮಕ್ಕಳಿಗೆ ಹೇಳಿಕೊಡಲಾರೆ ಎಂದು ನಿಂತರು. ಬಡ್ತಿ ಸಿಗಲಿಲ್ಲ. 1899ರಲ್ಲಿ, 41ರ ವಯಸ್ಸಿನಲ್ಲಿ, ಕೈಯಲ್ಲಿ ಬೇರೆ ಕೆಲಸವಿಲ್ಲದೆ ರಾಜೀನಾಮೆ ಕೊಟ್ಟು ಹೊರಬಂದರು. ಅವರ ಅಭಿಪ್ರಾಯವನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಆಡಬಾರದೆಂಬ ಹಟ ಮುಂದೆ ಅವರ ಪುಸ್ತಕಗಳಲ್ಲೂ ಮುಂದುವರಿಯಿತು. ನೇರವಾದ, ಸತ್ಯವಾದ ಮಾತಿಗೆ ನಮ್ಮ ದೀನ್ ಎಷ್ಟು ಬೆಲೆ ಕೊಡುತ್ತದೆಂಬುದು ನಮಗೆ ಗೊತ್ತೇ ಇದೆ.

ಲಂಡನ್ನಿನಲ್ಲಿ ಲೇಖನ ಬರೆದು ಜೀವನ ಮಾಡಲು ನೋಡಿದರು. ದೊಡ್ಡ ಹೆಸರೇನೂ ಬರಲಿಲ್ಲ. 1903ರಲ್ಲಿ ಗರ್ನ್ಸಿ ದ್ವೀಪಕ್ಕೆ ಹೋದರು. ತಮ್ಮ ಫ್ರಾನ್ಸಿಸ್ ಅಲ್ಲಿ ಟೊಮೆಟೊ ಬೆಳೆಯುತ್ತಿದ್ದರು. ಅಣ್ಣ ತಮ್ಮ ಸೇರಿ ಪ್ರಾಚೀನ ಗ್ರೀಕ್ ಲೇಖಕ ಲೂಸಿಯನ್‌ನ ಕೃತಿಗಳನ್ನು ಇಂಗ್ಲಿಷಿಗೆ ತಂದರು. 1905ರಲ್ಲಿ ಅದು ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಮರುವರ್ಷವೇ ದಿ ಕಿಂಗ್ಸ್ ಇಂಗ್ಲಿಷ್ ಬಂತು. ಪತ್ರಿಕೆಗಳಿಂದಲೂ ಪ್ರಸಿದ್ಧರ ಪುಸ್ತಕಗಳಿಂದಲೂ ತೊಡಕಿನ ವಾಕ್ಯಗಳನ್ನು ಆರಿಸಿ, ಎಲ್ಲಿ ಎಡವಿದೆ, ಹೇಗೆ ಬರೆದರೆ ಸರಿಯಾಗುತ್ತದೆ ಎಂದು ತೋರಿಸಿದ ಪುಸ್ತಕವದು. ಅದರ ತಿರುಳು ಸರಳ: ಎಲ್ಲರಿಗೂ ಗೊತ್ತಿರುವ ಪದವಿದ್ದರೆ ಅಪರೂಪದ್ದನ್ನು ಹುಡುಕಬೇಡಿ, ಒಂದು ಪದ ಸಾಕಾದಲ್ಲಿ ನಾಲ್ಕು ಪದ ಹಾಕಬೇಡಿ, ಚಿಕ್ಕದಿದ್ದರೆ ದೊಡ್ಡದಕ್ಕೆ ಹೋಗಬೇಡಿ.

1911ರಲ್ಲಿ ಸಹೋದರರು ಕನ್ಸೈಸ್ ಆಕ್ಸ್‌ಫರ್ಡ್ ಡಿಕ್ಷನರಿಯನ್ನು ಹೊರತಂದರು. ನಮ್ಮ ಲೈಬ್ರರಿಯ ಕಪಾಟುಗಳಲ್ಲಿ ಕಾಣುವ ಆಕ್ಸ್‌ಫರ್ಡ್ ನಿಘಂಟುಗಳ ವಂಶದಲ್ಲಿ ಅದೊಂದು ಹಿರಿಯ ತಲೆ. ದೊಡ್ಡ ಆಕ್ಸ್‌ಫರ್ಡ್ ನಿಘಂಟು ಮುಗಿದಿದ್ದು 1928ರಲ್ಲಿ. ಅದು ಪೂರ್ಣವಾಗುವ ಮುಂಚೆಯೇ ಒಂದು ದ್ವೀಪದಲ್ಲಿ ಕುಳಿತ ಇಬ್ಬರು ಈ ಕೈಪಿಡಿ ನಿಘಂಟನ್ನು ಸಿದ್ಧಪಡಿಸಿದ್ದರು.

ಅದೇ 1911ರಲ್ಲಿ ಇನ್ನೊಂದು ಪುಸ್ತಕಕ್ಕೆ ಇಬ್ಬರೂ ಯೋಜನೆ ಹಾಕಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬೇರೆಯವರ ಮಕ್ಕಳಿಗೆ ಸೈನ್ಯ ಸೇರಿ ಎಂದು ಹೇಳಿ ತಾವು ಮನೆಯಲ್ಲಿ ಕೂರುವುದು ಫೌಲರ್‌ಗೆ ಸರಿಕಾಣಲಿಲ್ಲ. 1915ರಲ್ಲಿ, 57ರ ವಯಸ್ಸಿನಲ್ಲಿ, ವಯಸ್ಸು 44 ಎಂದು ಬರೆಸಿ ಸಿಪಾಯಿಯಾದರು. ಜೀವನದಲ್ಲಿ ಖಂಡಿತವಾಗಿ ಸುಳ್ಳು ಬರೆಸಿದ್ದು ಆಗ! ಫ್ರಾನ್ಸಿನಲ್ಲಿ ಪಾತ್ರೆ ತೊಳೆಯುವುದು, ಕಲ್ಲಿದ್ದಲು ಹೊರುವುದು ಇಂಥ ಕೆಲಸಕ್ಕೆ ಹಾಕಿದಾಗ, ಹೋರಾಡಲು ಬಂದವರಿಗೆ ಇದು ನ್ಯಾಯವಲ್ಲ ಎಂದು ಸಹೋದರರು ಮೇಲಿನವರಿಗೆ ದೂರು ಬರೆದರು. ಆರೋಗ್ಯ ಕೆಟ್ಟು ಹೆನ್ರಿ 1916ರಲ್ಲಿ ಮರಳಿದರು. ಫ್ರಾನ್ಸಿಸ್‌ಗೆ ಸೈನ್ಯದಲ್ಲಿದ್ದಾಗ ಕ್ಷಯ ಅಂಟಿತ್ತು, 1918ರಲ್ಲಿ ತೀರಿಕೊಂಡರು.

ಒಟ್ಟಿಗೆ ಯೋಜಿಸಿದ್ದನ್ನು ಅಣ್ಣ ಒಬ್ಬರೇ ಬರೆಯಬೇಕಾಯಿತು. 15 ವರ್ಷದ ಮೇಲೆ, 1926ರಲ್ಲಿ, ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್ ಹೊರಬಂತು. ಅದನ್ನು ತಮ್ಮನಿಗೇ ಅರ್ಪಿಸಿದರು.

ಆ ಪುಸ್ತಕದಲ್ಲಿ ಕೇಸ್ ಎಂಬ ಒಂದು ಪದಕ್ಕೇ ಒಂದು ಟಿಪ್ಪಣಿ ಇದೆ. ಇನ್ ಮೆನಿ ಕೇಸಸ್ ಎನ್ನುವ ಕಡೆ ಆಫನ್ ಸಾಕಲ್ಲವೇ ಎಂಬಂಥ ವಿಚಾರಣೆ ಅದು. ಘನತೆಗಾಗಿ ಸ್ವೆಟ್ ಬದಲು ಪರ್ಸ್ಪೈರ್, ಗೋ ಬದಲು ಪ್ರೊಸೀಡ್ ಎನ್ನುವವರನ್ನು ಫೌಲರ್ ನವಿರಾಗಿ ಗೇಲಿ ಮಾಡಿದ್ದಾರೆ. ಒಂದೇ ಹೆಸರು ಮತ್ತೆ ಬರಬಾರದೆಂದು ಪದ ಬದಲಿಸುತ್ತ ಹೋಗುವ ಚಟಕ್ಕೆ ಎಲಿಗಂಟ್ ವೇರಿಯೇಷನ್ ಎಂಬ ಹೆಸರಿಟ್ಟವರೂ ಅವರೇ. ನಮ್ಮ ಪ್ರಬಂಧಗಳಲ್ಲಿ ಗಾಂಧೀಜಿ ಒಂದು ಸಾಲಿನಲ್ಲಿ ಮಹಾತ್ಮ, ಮುಂದಿನ ಸಾಲಿನಲ್ಲಿ ರಾಷ್ಟ್ರಪಿತ, ಅದರ ಮುಂದೆ ಸಾಬರ್ಮತಿಯ ಸಂತ ಆಗುವುದನ್ನು ನೆನೆದುಕೊಳ್ಳಿ.

ಹಾಗೆಂದು ಫೌಲರ್ ಬೆತ್ತ ಹಿಡಿದ ವ್ಯಾಕರಣ ಪಂಡಿತರಲ್ಲ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಲೇಬಾರದು ಎಂಬುದು ಬರಿಯ ಮೂಢನಂಬಿಕೆ ಎಂದು ತೋರಿಸಿದರು. ನಿಯಮ ಓದುಗನಿಗೆ ನೆರವಾದರೆ ಇರಲಿ, ಅಡ್ಡಿಯಾದರೆ ಬಿಡಿ ಎಂಬುದು ಅವರ ನಿಲುವು.

ಬದುಕಿನಲ್ಲೂ ಅದೇ ಸರಳತೆ. ಪುಸ್ತಕ ಬಂದ ವರ್ಷ ಅವರಿಗೆ 68. ಮನೆಗೆಲಸಕ್ಕೆ ಆಳು ಇಟ್ಟುಕೊಳ್ಳಿ, ಖರ್ಚು ನಾವು ಕೊಡುತ್ತೇವೆ ಎಂದು ಪ್ರಕಾಶಕರು ಹೇಳಿದಾಗ, ಬೆಳಿಗ್ಗೆ ಎರಡು ಮೈಲಿ ಓಡಿ, ಪಕ್ಕದ ಮನೆಯವರ ಕೊಳದಲ್ಲಿ ಈಜಿ ಬಂದ ವಿವರ ಬರೆದು ಬೇಡವೆಂದರು. 1930ರಲ್ಲಿ ಪತ್ನಿ ಜೆಸ್ಸಿ ತೀರಿಕೊಂಡರು. ಕೊನೆಗಾಲದಲ್ಲಿ ಒಂದು ಕಣ್ಣನ್ನೂ ಕಳೆದುಕೊಂಡರು. ಆದರೂ ಇನ್ನೊಂದು ನಿಘಂಟಿನ ಕೆಲಸ ನಡೆದೇ ಇತ್ತು. 1933ರ ಡಿಸೆಂಬರ್ 26ರಂದು ಸಾಮರ್‌ಸೆಟ್‌ನ ಹಿಂಟನ್ ಸೇಂಟ್ ಜಾರ್ಜ್ ಎಂಬ ಹಳ್ಳಿಯಲ್ಲಿ ನಿಧನರಾದರು. ಎರಡನೇ ಮಹಾಯುದ್ಧದ ನಡುವೆ ಪ್ರಧಾನಿ ಚರ್ಚಿಲ್ ಒಂದು ಸರ್ಕಾರಿ ಟಿಪ್ಪಣಿಯಲ್ಲಿ ತಪ್ಪು ಪದ ಕಂಡು, ಫೌಲರ್ ಓದಿ ನೋಡಿ ಎಂದು ಸೂಚಿಸಿದ್ದರು.

ನಮ್ಮ ಇಂಗ್ಲಿಷ್ ಎಡವುವ ಜಾಗಗಳು ಸ್ವಲ್ಪ ಬೇರೆ. ಕನ್ನಡದಲ್ಲಿ ಎರಡು ದಿನದಿಂದ, ಉರ್ದುವಿನಲ್ಲಿ ದೋ ದಿನ್ ಸೇ ಎನ್ನುತ್ತೇವೆ; ಅದಕ್ಕೇ ಸಿನ್ಸ್ ಟೂ ಡೇಸ್ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಶುರುವಾದ ದಿನಕ್ಕೆ ಸಿನ್ಸ್, ಒಟ್ಟು ಅವಧಿಗೆ ಫಾರ್: ಸಿನ್ಸ್ ಮಂಡೇ, ಫಾರ್ ಟೂ ಡೇಸ್. ಅದರ ಬಗ್ಗೆ ಚರ್ಚಿಸಿದೆವು ಎಂಬುದು ಡಿಸ್ಕಸ್ಡ್ ಅಬೌಟ್ ಆಗುತ್ತದೆ, ಅಬೌಟ್ ಬೇಡ. ವಾಪಸ್ ಕೊಟ್ಟೆ ಎಂಬುದು ರಿಟರ್ನ್ಡ್ ಬ್ಯಾಕ್ ಆಗುತ್ತದೆ, ಬ್ಯಾಕ್ ಬೇಡ. ಒನ್ ಆಫ್ ಮೈ ಫ್ರೆಂಡ್ ಅಲ್ಲ, ಫ್ರೆಂಡ್ಸ್. ಗೆಳೆಯರು ಹಲವರು, ಅವರಲ್ಲಿ ಒಬ್ಬ. ಪರಿಚಯ ಹೇಳುವಾಗ ಮೈಸೆಲ್ಫ್ ಸಲ್ಮಾನ್ ಎನ್ನುವುದಕ್ಕಿಂತ ಐ ಆಮ್ ಸಲ್ಮಾನ್ ಸರಿ, ಸುಲಭವೂ ಹೌದು.

ಇವು ದಡ್ಡತನದ ಗುರುತುಗಳಲ್ಲ. ಎರಡು ಭಾಷೆ ಬಲ್ಲವರು ಮೂರನೆಯದಕ್ಕೆ ಕಾಲಿಡುವಾಗ ಬೀಳುವ ಹೆಜ್ಜೆಗಳು. ತಪ್ಪಾದೀತೆಂದು ತರಗತಿಯಲ್ಲಿ ಬಾಯಿ ಮುಚ್ಚಿ ಕೂರುವವರು, ದೊಡ್ಡ ಪದ ಬಾರದೆಂದು ಇಂಟರ್‌ವ್ಯೂಗೆ ಹೋಗಲು ಹಿಂಜರಿಯುವವರು ನಮ್ಮಲ್ಲಿದ್ದಾರೆ. ಅವರು ಗೊತ್ತಿರುವ ಚಿಕ್ಕ ಪದಗಳಿಂದಲೇ ಒಂದು ವಾಕ್ಯ ಹೇಳಿ ನೋಡಲಿ. ಮುಂದಿನ ರಜೆ ಅರ್ಜಿಯನ್ನು ಎರಡೇ ಸಾಲಿನಲ್ಲಿ ಬರೆಯಿರಿ: ಏನಾಗಿದೆ, ಎಷ್ಟು ದಿನ ಬೇಕು. ಕೆಳಗೆ ನಿಮ್ಮ ಸಹಿ.