ಗಾಂಧೀಜಿ, ಕಡ್ಲೆಕಾಯಿ ಬೆಣ್ಣೆ ಮತ್ತು ಮೇಕೆ ಹಾಲು: ಡ್ರೈಫ್ರೂಟ್ಸ್ ತಿಂದರೆ ಅಷ್ಟೇ ಸಾಕಾ?

ಅರಕಲಗೂಡು ತಾಲೂಕಿನ ರಾಮನಾಥಪುರದಿಂದ ಓದುಗರೊಬ್ಬರು ನಮಗೊಂದು ಮೆಸೇಜ್ ಕಳಿಸಿದ್ದಾರೆ. ಓಟ್ಸ್, ಖರ್ಜೂರ, ಒಣದ್ರಾಕ್ಷಿ, ಬಾದಾಮಿ, ಕಡ್ಲೆಬೀಜ, ಕುಂಬಳಬೀಜ ಎಲ್ಲವನ್ನೂ ಬೆಲ್ಲದ ಪಾಕದಲ್ಲಿ ಕಲಸಿ ಓವನ್‌ನಲ್ಲಿ ಬೇಯಿಸುವ ಗ್ರನೋಲಾ ಬಾರ್ ರೆಸಿಪಿ ಅದು. ಅಲ್ಲಿಗೆ ನಿಂತಿದ್ದರೆ ತಕರಾರಿರಲಿಲ್ಲ. ಗಾಂಧೀಜಿ ಜೀವನಪೂರ್ತಿ ಹಾಲು ಮುಟ್ಟದೆ ಒಣಹಣ್ಣು, ಬೀಜ ತಿಂದೇ ಬದುಕಿದರು, ಅವರಿಗೆ ಕಾಯಿಲೆಯೇ ಬರಲಿಲ್ಲ, ಬಿಪಿಯೂ ಇರಲಿಲ್ಲ ಎಂದು ಕೆಳಗೆ ಸೇರಿಸಿದ್ದಾರೆ. ಓದುಗರ ಮನೆಯ ಹಿರಿಯರೊಬ್ಬರು ಇದನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸುವ ಮಾತಾಡುತ್ತಿದ್ದಾರಂತೆ. ಹಾಗಾಗಿ ಗಾಂಧೀಜಿಯ ಊಟದ ಕತೆಯನ್ನೇ ಮೊದಲಿಂದ ನೋಡೋಣ ಅಂದುಕೊಂಡೆವು.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ್, 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದರು. ಅಲ್ಲಿನ ಸಸ್ಯಾಹಾರಿಗಳ ಸಂಘ ಸೇರಿದ ಮೇಲೆ ಊಟದ ಪ್ರಯೋಗ ಅವರಿಗೆ ಒಂದು ಗೀಳೇ ಆಯಿತು.

ನಮ್ಮ ಗ್ರನೋಲಾ ಕತೆಗೆ ಹತ್ತಿರದ ಜಾಗ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್. 1910ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರದಲ್ಲಿ, ಗೆಳೆಯ ಹರ್ಮನ್ ಕಾಲೆನ್‌ಬಾಕ್ ಕೊಟ್ಟ ಸುಮಾರು 1,100 ಎಕರೆ ಜಮೀನಿನಲ್ಲಿ ಇದು ಶುರುವಾಯಿತು. ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರ ಕುಟುಂಬಗಳು ಅಲ್ಲಿದ್ದವು, ದುಡ್ಡು ಕಡಿಮೆ. ಗೋಧಿಯನ್ನು ಕೈಯಲ್ಲೇ ಬೀಸಿ, ಹುದುಗು ಬರಿಸದೆ ಮನೆಯಲ್ಲೇ ರೊಟ್ಟಿ ಬೇಯಿಸುತ್ತಿದ್ದರು. ಕಡ್ಲೆಬೀಜ ಹುರಿದು ಅರೆದು ಬೆಣ್ಣೆ ಮಾಡುತ್ತಿದ್ದರು, ಅದು ಹಾಲಿನ ಬೆಣ್ಣೆಗಿಂತ ತುಂಬಾ ಅಗ್ಗ. ತೋಟದ ಕಿತ್ತಳೆಯಿಂದ ಮಾರ್ಮಲೇಡ್, ಹುರಿದ ಗೋಧಿಯಿಂದ ಕಾಫಿಯಂಥ ಪಾನೀಯ. ಇವತ್ತು ಸೂಪರ್ ಮಾರ್ಕೆಟ್ಟಿನಲ್ಲಿ ದುಬಾರಿ ಬೆಲೆಗೆ ಸಿಗುವ ಹೆಲ್ತ್ ಫುಡ್ಡುಗಳೆಲ್ಲ ಅಲ್ಲಿ ಬಡತನದ ಅಡುಗೆಯಾಗಿದ್ದವು!

1912ರಲ್ಲಿ ಗಾಂಧೀಜಿ, ಕಾಲೆನ್‌ಬಾಕ್ ಇಬ್ಬರೂ ಹಾಲು ಬಿಟ್ಟರು. ಹಾಲಿಗಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿದ್ದು ಇದಕ್ಕೊಂದು ಕಾರಣ. ಕಡ್ಲೆಬೀಜ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ ಅವರ ಊಟವಾಯಿತು. ಅಂದರೆ ಫಾರ್ವರ್ಡ್‌ನ ಮೊದಲರ್ಧಕ್ಕೆ ಬುಡವಿದೆ. ಸುಳ್ಳು ಇರುವುದು ಜೀವನಪೂರ್ತಿ ಅನ್ನುವ ಪದದಲ್ಲಿ.

1914ರಲ್ಲಿ ಇಂಗ್ಲೆಂಡಿನಲ್ಲಿ ಅವರಿಗೆ ಪ್ಲೂರಿಸಿ, ಅಂದರೆ ಶ್ವಾಸಕೋಶದ ಹೊದಿಕೆಯ ಉರಿಯೂತ ಆಯಿತು. ಆಗಲೂ ಹಾಲು ಮುಟ್ಟಲಿಲ್ಲ. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸಲು ನಡೆದು ತಿರುಗುತ್ತಿದ್ದಾಗ ಹೆಚ್ಚಾಗಿ ಕಡ್ಲೆಕಾಯಿ ಬೆಣ್ಣೆ, ನಿಂಬೆಹಣ್ಣಿನ ಮೇಲೇ ಇದ್ದರು. ಹೊಟ್ಟೆ ಕೆಟ್ಟಿತು. ಹಬ್ಬದ ದಿನ ಕಸ್ತೂರಬಾ ಗೋಧಿಯ ಸಿಹಿ ಗಂಜಿ, ಹೆಸರುಕಾಳು ಮಾಡಿದ್ದರು. ತಡೆಯಲಾಗದೆ ತಿಂದರು, ಭೇದಿ ಉಲ್ಬಣಿಸಿತು. ಸಾವು ಹತ್ತಿರ ಬಂತು ಅಂತ ಅವರೇ ಅಂದುಕೊಂಡಷ್ಟು ನಿತ್ರಾಣ. ಕೊನೆಗೆ ಮುಂಬೈಯಲ್ಲಿ ಡಾ. ದಲಾಲ್, ಹಾಲು ಕುಡಿಯದೆ ಮೈ ಕೂಡುವುದಿಲ್ಲ ಎಂದು ಹೇಳಿಬಿಟ್ಟರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ತಾನೇ, ಮೇಕೆ ಹಾಲಿಗೇನು ಅಡ್ಡಿ ಎಂದು ದಾರಿ ತೋರಿಸಿದವರು ಕಸ್ತೂರಬಾ. ಗಾಂಧೀಜಿ ಒಪ್ಪಿದರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಜೀವ ಹೋಯಿತು ಎಂಬ ಕೊರಗು ಮಾತ್ರ ಅವರನ್ನು ಬಿಡಲಿಲ್ಲ.

ಆದರೂ ಸುಮ್ಮನಾದರಾ? ಇಲ್ಲ. 1929ರಲ್ಲಿ ಬೇಯಿಸದ ಊಟದ ಪ್ರಯೋಗಕ್ಕಿಳಿದರು. ದಿನಕ್ಕೆ 8 ತೊಲ ಮೊಳಕೆ ಗೋಧಿ, ಅರೆದ ಬಾದಾಮಿ 8 ತೊಲ, 8 ತೊಲ ಸೊಪ್ಪು, ಜೊತೆಗೆ ನಿಂಬೆ, ಜೇನುತುಪ್ಪ. 8 ತೊಲ ಅಂದರೆ ಸುಮಾರು 93 ಗ್ರಾಂ. ಅಷ್ಟು ಬಾದಾಮಿಯಲ್ಲೇ ಹತ್ತಿರ ಹತ್ತಿರ 540 ಕ್ಯಾಲರಿ ಇರುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಭೇದಿ, ಆಗಸ್ಟ್ ಹೊತ್ತಿಗೆ ಮತ್ತೆ ಮೇಕೆ ಹಾಲು. ಈ ಸೋಲನ್ನು ಅವರು ಮುಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲೇ ಬರೆದರು. ಫಾರ್ವರ್ಡ್ ಮಾಡುವವರು ಆ ಪುಟ ನೋಡಿಲ್ಲ, ಅಷ್ಟೇ.

ಇನ್ನು ಬಿಪಿ. ಇದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 1927ರ ಮಾರ್ಚ್‌ನಲ್ಲಿ ಕೊಲ್ಹಾಪುರ, ನಿಪ್ಪಾಣಿ ಕಡೆಯ ಪ್ರವಾಸದಲ್ಲಿ ರಕ್ತದೊತ್ತಡ ಏರಿ ಕುಸಿದ ಗಾಂಧೀಜಿಯನ್ನು ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಕರೆತಂದರು. ಆಮೇಲೆ ಬೆಂಗಳೂರಿನ ಕುಮಾರ ಪಾರ್ಕ್‌ನಲ್ಲೂ ಇದ್ದರು. 1936ರಲ್ಲಿ ಮತ್ತೆ ನಂದಿಬೆಟ್ಟಕ್ಕೇ ಬಂದರು. ಐಸಿಎಂಆರ್ 2019ರಲ್ಲಿ ಪ್ರಕಟಿಸಿದ ಆರೋಗ್ಯ ದಾಖಲೆಗಳಂತೆ 1940ರ ಫೆಬ್ರವರಿಯಲ್ಲಿ ಅವರ ಬಿಪಿ 220/110 ಇತ್ತು. ತೂಕ 46.7 ಕೆ.ಜಿ. ಇಂದಿನಂಥ ಬಿಪಿ ಮಾತ್ರೆಗಳು ಆಗ ಇರಲಿಲ್ಲ, ನಮಗೆ ಇವೆ. ಮಲೇರಿಯಾ, 1924ರಲ್ಲಿ ಪುಣೆಯಲ್ಲಾದ ಅಪೆಂಡಿಸೈಟಿಸ್ ಆಪರೇಷನ್ ಬೇರೆ. ಕಾಯಿಲೆಯೇ ಬರದ ಮನುಷ್ಯ ಅಲ್ಲವೇ ಅಲ್ಲ.

ಹಾಲಿಗೆ ಬದಲಾಗಿ ಗಿಡದಿಂದ ಬರುವ ಒಂದು ಆಹಾರವನ್ನು ಅವರು ಕೊನೆತನಕ ಹುಡುಕಿದರು, 1935ರಲ್ಲಿ ವಾರ್ಧಾದಲ್ಲಿ ಸೋಯಾ ಪ್ರಯೋಗವೂ ನಡೆಯಿತು. ಅವರಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಒಂದು ಸಂಗತಿಯಿತ್ತು. ವಿಟಮಿನ್ ಬಿ12 ಕಾಳು, ಬೀಜ, ಹಣ್ಣುಗಳಲ್ಲಿ ಇರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿರುತ್ತದೆ, ಇಲ್ಲವೇ ಮಾತ್ರೆಯಲ್ಲಿ ತೆಗೆದುಕೊಳ್ಳಬೇಕು. ವಿಜ್ಞಾನಿಗಳು ಬಿ12 ಅನ್ನು ಬೇರ್ಪಡಿಸಿ ತೋರಿಸಿದ್ದು 1948ರಲ್ಲಿ. ಗಾಂಧೀಜಿ ಆ ವರ್ಷದ ಜನವರಿ 30ರಂದೇ ಹತ್ಯೆಯಾಗಿದ್ದರು.

ಹಾಗಾದರೆ ಬಾರ್ ಮಾಡಬೇಡಿ ಅಂತೀವಾ? ಖಂಡಿತ ಮಾಡಿ. ರಾಮನಾಥಪುರದ ಜಾತ್ರೆಗೆ ಹೋದವರಿಗೆ ಕಡ್ಲೆಕಾಯಿ ಮಿಠಾಯಿ ಹೊಸದೇನಲ್ಲ, ಗ್ರನೋಲಾ ಅದರ ದೂರದ ನೆಂಟ. ಬೆಲ್ಲ, ಜೇನು, ಖರ್ಜೂರದಲ್ಲಿರುವುದೂ ಸಕ್ಕರೆಯೇ, ಶುಗರ್ ಇರುವವರು ಲೆಕ್ಕ ಇಡಿ. ಬೀಜಗಳು ದಿನಕ್ಕೆ ಒಂದು ಹಿಡಿ, ಸುಮಾರು 30 ಗ್ರಾಂ ಸಾಕು. ಬೂಷ್ಟು ಹಿಡಿದ, ಕಹಿಯಾದ ಕಡ್ಲೆಬೀಜ ಎಸೆಯಿರಿ, ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಓವನ್ ಶಾಖಕ್ಕೆ ಪೂರ್ತಿ ಹೋಗುವುದಿಲ್ಲ. ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಮನೆಯ ಹಿರಿಯರಿಗೆ ಹಲ್ಲಿಲ್ಲವಾದರೆ ಬಾರ್ ಬದಲು ನುಣ್ಣಗೆ ಅರೆದುಕೊಡಿ, ಗಾಂಧೀಜಿಯೂ ಬಾದಾಮಿಯನ್ನು ಅರೆದೇ ತಿನ್ನುತ್ತಿದ್ದರು. ಬಿಪಿ ಮಾತ್ರೆ ಎಂದಿನಂತೆ ಅದರ ಹೊತ್ತಿಗೆ ಕೊಡಿ.