ಹಾಜರಿ ಬಿಡಿಸಲು ಓಡಾಡಿದ ಮಹಾರಾಜ

ರವಿಶಂಕರ ಮಹಾರಾಜ್ ಅಂದೊಡನೆ ನಮ್ಮಲ್ಲಿ ಅನೇಕರು ಯಾವುದೋ ಸಂಸ್ಥಾನದ ದೊರೆ ಅಂದುಕೊಂಡಾರು. ಗುಜರಾತಿನಲ್ಲಿ ಬ್ರಾಹ್ಮಣರನ್ನು ಹಾಗೆ ಕರೆಯೋದು ರೂಢಿ. ಅಡಿಗೆಭಟ್ಟನೂ ಅಲ್ಲಿ ಮಹಾರಾಜನೇ! ನಮ್ಮ ಮಹಾರಾಜರದು ಬರಿಗಾಲ ನಡಿಗೆ, ಖಾದಿ ಪಂಚೆ.

ರವಿಶಂಕರ ವ್ಯಾಸರು ಹುಟ್ಟಿದ್ದು 1884ರಲ್ಲಿ, ಖೇಡಾ ಜಿಲ್ಲೆಯ ರಧು ಎಂಬ ಹಳ್ಳಿಯಲ್ಲಿ. ಆರನೆಯ ತರಗತಿಗೇ ಶಾಲೆ ಬಿಟ್ಟು ಹೊಲಕ್ಕಿಳಿದರು. 1915ರಲ್ಲಿ ಗಾಂಧೀಜಿಯವರ ಭೇಟಿಯಾಯಿತು. ಮುಂದೆ ಮಡದಿ ಸೂರಜ್‌ಬಾ ಬೇಡವೆಂದರೂ ಪಿತ್ರಾರ್ಜಿತ ಆಸ್ತಿಯ ಹಕ್ಕು ಬಿಟ್ಟುಕೊಟ್ಟರು. ಆ ತಾಯಿ ಆಮೇಲೆ ಸಂಸಾರ ಹೇಗೆ ತೂಗಿಸಿದರೋ ಅನ್ನೋ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಹಮದಾಬಾದಿಗೂ ವಡೋದರಾಕ್ಕೂ ನಡುವೆ ಮಹೀ ನದಿಯ ಸೀಮೆ. ದಂಡೆಯುದ್ದಕ್ಕೂ ಆಳವಾದ ಕೊರಕಲುಗಳು; ಅಡಗಿ ಕೂರೋರಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿನ ಪಾಟಣವಾಡಿಯಾ, ಬಾರೈಯಾ ಜನರಲ್ಲಿ ಕೆಲವರು ಕಳವು, ದರೋಡೆಗೆ ಇಳಿದಿದ್ದರು. ಸರಕಾರ ಮಾತ್ರ ಕೆಲವರ ತಪ್ಪಿಗೆ ಇಡೀ ಜಾತಿಗೇ ಮುದ್ರೆ ಒತ್ತಿತು. 1871ರಲ್ಲಿ ಹುಟ್ಟಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕೃಪೆಯಿಂದ ಹಾಜರಿ ಅನ್ನೋ ಪದ್ಧತಿ ಬಂತು. ದುಡಿದು ದಣಿದವನೂ ಪೊಲೀಸರ ಮುಂದೆ ಹೋಗಿ ಹೆಸರು ಕೂಗಿದಾಗ ಓ ಅನ್ನಬೇಕು. ಕದ್ದವನಿಗೂ ಕದಿಯದವನಿಗೂ ಒಂದೇ ಪಟ್ಟಿ. ನಮ್ಮ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟು ಕಟ್ಟಿದ್ದೂ ಇದೇ ಮುಂಬಯಿ ಸರಕಾರ, ಇದೇ ಕಾಯ್ದೆ.

ಈ ಜನರ ನಡುವೆ ಮಹಾರಾಜರು ಊರೂರು ಅಲೆದರು. ಒಂದು ರಾತ್ರಿ ದಾರಿಯಲ್ಲಿ ಬಂದೂಕಿನ ದರೋಡೆಕೋರರು ಅಡ್ಡಗಟ್ಟಿದರಂತೆ. ತಾನೂ ದರೋಡೆಕೋರನೇ, ಗಾಂಧಿಯ ಗುಂಪಿನವನು, ನಮ್ಮ ಜಗಳ ಸರಕಾರದ ಜೊತೆ ಅಂತ ಹೇಳಿ ಅವರ ಜೊತೆಯಲ್ಲೇ ಮಾತಿಗೆ ಕೂತರು. ಝವೇರ್‌ಚಂದ್ ಮೇಘಾಣಿಯವರು ಇಂಥ ಅನುಭವಗಳನ್ನು ಅವರ ಬಾಯಿಂದಲೇ ಕೇಳಿ 1945ರಲ್ಲಿ ಪುಸ್ತಕ ಮಾಡಿದರು. ಅದೇ ‘ಮಾಣಸಾಈನಾ ದೀವಾ’. ಮಹಾರಾಜರು ಕುಡಿತ, ಕಳವು ಬಿಡೋದಾಗಿ ಆಣೆ ಮಾಡಿಸುತ್ತಿದ್ದರು ನಿಜ. ಆದರೆ ಆಣೆ ಯಾರು ಬೇಕಾದರೂ ಮಾಡಿಸಿಯಾರು. ಇವರು ಮತ್ತೆ ಅದೇ ಹಟ್ಟಿಗೆ ಬರುತ್ತಿದ್ದರು, ಯೋಗಕ್ಷೇಮ ಕೇಳುತ್ತಿದ್ದರು, ಹಾಜರಿ ಬಿಡಿಸಲು ಅವರ ಪರವಾಗಿ ಅಧಿಕಾರಿಗಳ ಬಳಿ ವಾದಿಸುತ್ತಿದ್ದರು. ಎಲ್ಲರೂ ತಿದ್ದಿಕೊಂಡರು ಅಂತ ನಾನು ಹೇಳಲಾರೆ. ಆದರೆ ತಪ್ಪಿದವನಿಗೂ ಮರಳಿ ಬಂದು ಹೇಳಿಕೊಳ್ಳಲು ಒಬ್ಬ ಮನುಷ್ಯನಿದ್ದ. ಪೊಲೀಸು ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ!

1923ರಲ್ಲಿ ಬೋರ್ಸದ್ ತಾಲ್ಲೂಕಿನಲ್ಲಿ ದರೋಡೆ ಹೆಚ್ಚಿತು. ಜನರೇ ಕಳ್ಳರಿಗೆ ಆಸರೆ ಕೊಡ್ತಾರೆ ಅಂತ ಸರಕಾರ ಹೆಚ್ಚುವರಿ ಪೊಲೀಸರನ್ನಿಟ್ಟು, ಆ ಖರ್ಚಿಗೆ ತಲೆಗೆ 2 ರೂಪಾಯಿ 7 ಆಣೆ ತೆರಿಗೆ ಹಾಕಿತು. ವಲ್ಲಭಭಾಯಿ ಪಟೇಲರು ವಿಚಾರಣೆಗೆ ಕಳಿಸಿದ್ದು ಮೋಹನಲಾಲ ಪಂಡ್ಯರನ್ನೂ ರವಿಶಂಕರರನ್ನೂ. ಒಬ್ಬ ದರೋಡೆಕೋರನನ್ನು ಹಿಡಿಯಲು ಇನ್ನೊಬ್ಬ ದರೋಡೆಕೋರನಿಗೆ ಪೊಲೀಸರೇ ಬೆಂಬಲ ಕೊಟ್ಟಿದ್ದು ಹೊರಬಿತ್ತು. ಹಳ್ಳಿಗಳು ತೆರಿಗೆ ಕಟ್ಟಲಿಲ್ಲ. 1924ರ ಆರಂಭದಲ್ಲಿ ಸರಕಾರ ಅದನ್ನು ಕೈಬಿಟ್ಟಿತು.

ಮುಂದೆ 1928ರಲ್ಲಿ ಸೂರತ್ ಜಿಲ್ಲೆಯ ಬಾರ್ಡೋಲಿ ಸತ್ಯಾಗ್ರಹ, ಜೈಲು. 1930ರ ಉಪ್ಪಿನ ಸತ್ಯಾಗ್ರಹ, ಮತ್ತೆ ಜೈಲು. ಹೀಗೆ ಸ್ವತಃ ಕೈದಿಯಾಗಿದ್ದವರು ಕೈದಿಗಳ ಮಾತು ಆಡಿದರೆ ಅದಕ್ಕೊಂದು ತೂಕ.

ಆ ಕಾಯ್ದೆ ದೇಶದಲ್ಲೆಲ್ಲ ರದ್ದಾಗಿದ್ದು 1952ರಲ್ಲಿ; ಆಗ ಮಹಾರಾಜರಿಗೆ 68 ವರ್ಷ. ಸಣ್ಣ ತಪ್ಪಿತಸ್ಥರನ್ನು ಜೈಲಿಗೆ ಅಟ್ಟದೆ ಅಧಿಕಾರಿಯೊಬ್ಬರ ಕಣ್ಗಾವಲಿನಲ್ಲಿ ಊರಲ್ಲೇ ಬಿಡುವ ಪ್ರೊಬೇಷನ್ ಕಾಯ್ದೆ 1958ರಲ್ಲಿ ಬಂತು. ಅದಾಗಿ ಎರಡು ವರ್ಷಕ್ಕೆ, 1960ರ ಮೇ 1ರಂದು, ಅಹಮದಾಬಾದಿನ ಸಾಬರಮತಿ ಆಶ್ರಮದಲ್ಲಿ ಹೊಸ ಗುಜರಾತ್ ರಾಜ್ಯವನ್ನು ಉದ್ಘಾಟಿಸಿದ್ದು ಇವರೇ. ಆಮೇಲೆ ಹೊಸ ಮುಖ್ಯಮಂತ್ರಿ ಆದವರೆಲ್ಲ ಇವರ ಆಶೀರ್ವಾದಕ್ಕೆ ಬರೋದು ಪದ್ಧತಿಯಾಯಿತು. 1984ರ ಜುಲೈ 1ರಂದು ತೀರಿಕೊಂಡರು. ನೂರು ತುಂಬಿತ್ತು.