ಮಂಜಿನಂಗಳದ ಗುರು: ಫಾದರ್ ಡೇವಿಡ್ ಬಾವರ್

ಹಾಕಿ ಎಂದೊಡನೆ ನಮ್ಮ ಜಿಲ್ಲೆಯ ಹಿರಿಯರಿಗೆ ಬೆಳಗಾವಿಯ ಬಂಡು ಪಾಟೀಲರು ನೆನಪಾಗುತ್ತಾರೆ. 1964ರ ಅಕ್ಟೋಬರಿನಲ್ಲಿ ಟೋಕಿಯೊ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು 1-0 ಗೋಲಿನಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ಅದೇ ವರ್ಷದ ಆರಂಭದಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದ ಚಳಿಗಾಲದ ಒಲಿಂಪಿಕ್ಸಿನಲ್ಲಿ ಇನ್ನೊಂದು ಬಗೆಯ ಹಾಕಿಯ ತಂಡವನ್ನು ಒಬ್ಬ ಕಥೋಲಿಕ ಗುರು ಮುನ್ನಡೆಸಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ಗುರುವೇ ಕೆನಡಾದ ಫಾದರ್ ಡೇವಿಡ್ ಬಾವರ್.

ಅವರ ಹಾಕಿ ಹುಲ್ಲಿನ ಮೈದಾನದ ಆಟವಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ಮಂಜಿನ ಮೇಲೆ, ಉಕ್ಕಿನ ಅಲಗುಳ್ಳ ಪಾದರಕ್ಷೆ ತೊಟ್ಟು, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತ ಒಂದೊಂದು ಪಕ್ಷದಲ್ಲಿ ಆರಾರು ಜನ ಆಡುವ ಆಟವದು. ವೇಗ ಬಹಳ, ಡಿಕ್ಕಿ ಬಹಳ, ಕೋಪವೂ ಬಹಳ. ಇಂತಹ ಆಟದ ನಡುವೆ ಒಬ್ಬ ಗುರುವಿಗೇನು ಕೆಲಸವೆಂದು ಕೇಳುವವರು ಆ ದೇಶದಲ್ಲೂ ಇದ್ದಿರಬೇಕು.

ಒಂಟಾರಿಯೊ ಪ್ರಾಂತದ ವಾಟರ್ಲೂ ಎಂಬ ಊರಿನಲ್ಲಿ 1924ರ ನವೆಂಬರ್ 2ರಂದು ಅವರು ಜನಿಸಿದರು. ಮಕ್ಕಳು ಬಹಳವಿದ್ದ ಭಕ್ತ ಕುಟುಂಬ ಅವರದು. ಅಣ್ಣ ಬಾಬಿ ಬಾವರ್ ಬಾಸ್ಟನ್ನಿನ ವೃತ್ತಿಪರ ತಂಡದಲ್ಲಿ ಹೆಸರುವಾಸಿ ಆಟಗಾರ. ತಮ್ಮನಿಗೂ ಆ ಬಾಗಿಲು ತೆರೆಯುವಂತಿತ್ತು. 1944ರಲ್ಲಿ ಕೆನಡಾದ ಕಿರಿಯರ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದ ಓಶವಾ ತಂಡದಲ್ಲಿ ಅವರು ಆಡಿದ್ದರು. ಆದರೂ ಆ ದಾರಿಯನ್ನು ಬಿಟ್ಟು, ಶಿಕ್ಷಣವನ್ನೇ ಸೇವೆಯನ್ನಾಗಿಸಿಕೊಂಡ ಸಂತ ಬೆಸಿಲರ ಸಭೆಯನ್ನು ಸೇರಿದರು. 1953ರಲ್ಲಿ ಗುರುದೀಕ್ಷೆ ಪಡೆದು, ತಾವು ಕಲಿತಿದ್ದ ಟೊರೊಂಟೊದ ಸಂತ ಮೈಕಲರ ಶಾಲೆಗೇ ಅಧ್ಯಾಪಕರಾಗಿ ಮರಳಿದರು. ಪಾಠದ ಜೊತೆಗೆ ಹುಡುಗರಿಗೆ ಹಾಕಿಯ ತರಬೇತಿಯೂ ಅವರ ಪಾಲಿಗೆ ಬಂತು.

1961ರಲ್ಲಿ ಆ ಶಾಲೆಯ ತಂಡ ಅವರ ಮಾರ್ಗದರ್ಶನದಲ್ಲಿ ಮೆಮೋರಿಯಲ್ ಕಪ್ ಗೆದ್ದಿತು. ಅದೇ ವರ್ಷ ಶಾಲೆಯು ಆ ಮಟ್ಟದ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು! ಪಂದ್ಯಗಳ ಸಂಖ್ಯೆ ಅತಿಯಾಗಿ, ಹುಡುಗರ ಓದು ಹಾಳಾಗುತ್ತಿತ್ತು. ಗೆದ್ದ ಕಪ್ಪನ್ನು ಕಪಾಟಿನಲ್ಲಿಟ್ಟು ಆಟದ ಹೊರೆಯನ್ನು ಇಳಿಸಿದ ಶಾಲೆ ಅಪರೂಪ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಮನೆಗಳಲ್ಲಿ ಇದರ ಇನ್ನೊಂದು ತುದಿಯನ್ನು ಕಾಣುತ್ತೇವೆ. ಮಗ ಹತ್ತನೆಯ ತರಗತಿಗೆ ಬಂದೊಡನೆ ಆಟವನ್ನು ಪೂರ್ತಿ ಬಿಡಿಸಿ ಕೋಣೆಯಲ್ಲಿ ಕೂಡಿಸುತ್ತೇವೆ. ಸಂತ ಥಾಮಸ್ ಅಕ್ವಿನಾಸರು ಆಟವನ್ನು ಸದ್ಗುಣಗಳ ಚರ್ಚೆಯೊಳಗೇ ತಂದು, ದುಡಿದ ದೇಹದಂತೆ ದಣಿದ ಮನಸ್ಸಿಗೂ ವಿಶ್ರಾಂತಿ ಬೇಕೆಂದು ವಾದಿಸಿದ್ದಾರೆ. ಫಾದರ್ ಬಾವರ್ ಈ ಎರಡು ತುದಿಗಳ ನಡುವಣ ದಾರಿಯನ್ನು ಹುಡುಕಿದರು. ಆಟಗಾರನಿಗಾಗಿ ಆಟವೇ ಹೊರತು ಆಟಕ್ಕಾಗಿ ಆಟಗಾರನಲ್ಲ ಎಂಬುದು ಅವರ ನಡೆಯಲ್ಲಿ ಕಾಣುವ ತತ್ತ್ವ.

ಆ ವರ್ಷವೇ ಅವರು ದೇಶದ ಪಶ್ಚಿಮ ತುದಿಯ ವ್ಯಾಂಕೂವರಿಗೆ, ಅಲ್ಲಿನ ವಿಶ್ವವಿದ್ಯಾಲಯದ ಸಂತ ಮಾರ್ಕನ ಕಾಲೇಜಿಗೆ ಹೋದರು. ಅದುವರೆಗೆ ಯಾವುದಾದರೊಂದು ಊರಿನ ಗೆದ್ದ ತಂಡವನ್ನೇ ಕೆನಡಾ ವಿಶ್ವಸ್ಪರ್ಧೆಗೆ ಕಳುಹಿಸುತ್ತಿತ್ತು. ಅದರ ಬದಲು ಓದುವ ಯುವಕರನ್ನೇ ಆರಿಸಿ ಒಂದು ರಾಷ್ಟ್ರೀಯ ತಂಡ ಕಟ್ಟಬೇಕೆಂದು 1962ರಲ್ಲಿ ಫಾದರ್ ಸೂಚಿಸಿದರು. ಸೂಚನೆ ಒಪ್ಪಿಗೆಯಾಯಿತು. ಹುಡುಗರು ವಿಶ್ವವಿದ್ಯಾಲಯದ ಆವರಣದ ಒಂದೇ ಮನೆಯಲ್ಲಿ ವಾಸಿಸಿ, ತರಗತಿಗೂ ಹೋಗಿ, ಅಭ್ಯಾಸವನ್ನೂ ಮಾಡಿದರು. ಶಿಷ್ಯರ ನಡೆನುಡಿಗೂ ಹೊಣೆಯಾಗುತ್ತಿದ್ದ ನಮ್ಮ ಗರಡಿಮನೆಯ ವಸ್ತಾದರನ್ನು ಕಂಡವರಿಗೆ ಇದು ಹೊಸದೆನಿಸದು.

ಇನ್ಸ್‌ಬ್ರುಕ್‌ನಲ್ಲಿ ಸ್ವೀಡನ್ ವಿರುದ್ಧ ಪಂದ್ಯ ನಡೆದಿತ್ತು. ಎದುರಾಳಿ ಆಟಗಾರ ಕಾರ್ಲ್ ಓಬರ್ಗ್ ತನ್ನ ಮುರಿದ ಕೋಲನ್ನು ಕೆನಡಾದ ಆಟಗಾರರು ಕುಳಿತ ಕಡೆಗೆ ಎಸೆದ. ಅದು ಫಾದರ್ ಹಣೆಗೆ ಬಡಿದು ರಕ್ತ ಸುರಿಯಿತು. ತಮ್ಮ ಗುರುವಿನ ರಕ್ತವನ್ನು ಕಂಡ ಯುವಕರು ಸೇಡಿಗೆ ಎದ್ದು ನಿಂತರು. ಫಾದರ್ ಅವರನ್ನು ತಡೆದು ಕೂಡಿಸಿದರು. ಆಟ ಮುಂದುವರಿದು ಕೆನಡಾ 3-1ರಿಂದ ಗೆದ್ದಿತು. ಮರುದಿನ ಬೇರೆ ತಂಡಗಳ ಪಂದ್ಯ ನೋಡಲು ಓಬರ್ಗನನ್ನೇ ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. ಕ್ಷಮೆಯ ಕುರಿತು ನಾವು ಬೋಧನಾಪೀಠದಿಂದ ಎಷ್ಟೋ ಭಾನುವಾರ ಮಾತಾಡುತ್ತೇವೆ. ಕೋಪದಿಂದ ಕುದಿಯುತ್ತಿದ್ದ ಹದಿಹರೆಯ ದಾಟಿದ ಹುಡುಗರ ಮುಂದೆ, ಹಣೆಯಲ್ಲಿ ಗಾಯವಿರುವಾಗಲೇ ಅದನ್ನು ಮಾಡಿ ತೋರಿಸುವುದು ಬೇರೆ. ಕ್ರೀಡಾಕೂಟದವರು ಅವರಿಗೆ ವಿಶೇಷ ಚಿನ್ನದ ಪದಕವಿತ್ತು ಗೌರವಿಸಿದರು.

ಅವರ ತಂಡಕ್ಕೆ ಮಾತ್ರ ಪದಕ ಬರಲಿಲ್ಲ. ಕೊನೆಯ ಪಂದ್ಯವನ್ನು ಗೆದ್ದಿದ್ದರೆ ಚಿನ್ನವೇ ಸಿಗುತ್ತಿತ್ತು. ಸೋವಿಯೆತ್ ಒಕ್ಕೂಟದೆದುರು 3-2ರಿಂದ ಸೋತರು. ಸ್ವೀಡನ್, ಚೆಕೊಸ್ಲೊವಾಕಿಯಗಳೊಡನೆ ಅಂಕಗಳು ಸಮವಾದರೂ ಗೋಲುಗಳ ಲೆಕ್ಕಾಚಾರದಲ್ಲಿ ನಾಲ್ಕನೆಯ ಸ್ಥಾನಕ್ಕಿಳಿದರು. ಆ ಲೆಕ್ಕ ನ್ಯಾಯವೇ ಎಂಬ ವಿವಾದ ಬಹುಕಾಲ ಉಳಿಯಿತು. 1968ರಲ್ಲಿ ಗ್ರೆನೋಬಲ್‌ನಲ್ಲಿ ಕಂಚು ಬಂತು. ವೃತ್ತಿಪರ ಆಟಗಾರರ ವಿಚಾರದಲ್ಲಿ ಮುನಿದು ಕೆನಡಾ 1970ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಬಂದಾಗ ಫಾದರ್ ಕಟ್ಟಿದ ತಂಡವೂ ಮುಗಿಯಿತು. ಅಂಕಿಗಳನ್ನಷ್ಟೇ ನೋಡುವವರು ಇದನ್ನು ಸೋತ ಪ್ರಯೋಗವೆನ್ನಬಹುದು. ಪದವಿಯನ್ನೂ ಗೌರವವನ್ನೂ ಹೊತ್ತು ಹೊರಬಿದ್ದ ಆ ಯುವಕರನ್ನು ಯಾವ ಅಂಕಪಟ್ಟಿಯಲ್ಲಿ ಬರೆಯುವುದೆಂದು ನಾನು ಅವರನ್ನು ಕೇಳಬಯಸುತ್ತೇನೆ.

ಫಾದರ್ ತಮ್ಮ ಕೆಲಸ ನಿಲ್ಲಿಸಲಿಲ್ಲ. ಜಪಾನಿಗೂ ಆಸ್ಟ್ರಿಯಕ್ಕೂ ಹೋಗಿ ಆಟ ಕಲಿಸಿದರು. 1980ರ ಒಲಿಂಪಿಕ್ಸಿಗಾಗಿ ರಾಷ್ಟ್ರೀಯ ತಂಡವನ್ನು ಮತ್ತೆ ಕಟ್ಟಿದಾಗ ಅದರ ಹೊಣೆಗೂ ಹೆಗಲು ಕೊಟ್ಟರು. ಆ ಸಲ ತಂಡ ಆರನೆಯದಾಯಿತು. 1988ರ ನವೆಂಬರ್ 9ರಂದು, 64ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು. ಮರುವರ್ಷ ಅವರ ಹೆಸರು ಹಾಕಿಯ ಗೌರವಮಂದಿರವನ್ನು ಸೇರಿತು. ಕ್ಯಾಲ್ಗರಿಯ ಒಂದು ಕ್ರೀಡಾಂಗಣಕ್ಕೂ, ತಮ್ಮ ಹುಡುಗರನ್ನು ಓದಿಸಿ ಆಡಿಸಿದ ವ್ಯಾಂಕೂವರಿನ ವಿಶ್ವವಿದ್ಯಾಲಯದ ಮಂಜಿನಂಗಳಕ್ಕೂ ಅವರ ಹೆಸರನ್ನಿಟ್ಟಿದ್ದಾರೆ.